ಮಧ್ಯಾಹ್ನ ಮೀನು, ರಾತ್ರಿ ಗಂಜಿ

ಪ್ರಶ್ನೆ: ನಾವು ದಾವಣಗೆರೆಯವರು. ಮದುವೆಯಾಗಿ 26 ವರ್ಷ ಆಯ್ತು. ಮಗಳ ಮದುವೆ ಮುಗಿಯಿತು, ಮಗ ಪುಣೆಯಲ್ಲಿ ಕೆಲಸಕ್ಕೆ ಸೇರಿದ. ಇದೇ ಮೊದಲ ಸಲ ನಾವಿಬ್ಬರೇ ಮೂರು ರಾತ್ರಿ ಎಲ್ಲಾದರೂ ಸುಮ್ನೆ ಇದ್ದು ಬರೋಣ ಅಂದುಕೊಂಡಿದ್ದೇವೆ. ಸಮುದ್ರದ ಪಕ್ಕದ ರೆಸಾರ್ಟ್ ಆಗಬೇಕು. ನಾನು ಸಸ್ಯಾಹಾರಿ, ಮೀನಿನ ವಾಸನೆಯೂ ಆಗುವುದಿಲ್ಲ. ನಮ್ಮನೆಯವರಿಗೆ ಮೀನೆಂದರೆ ಪ್ರಾಣ. ನಾಲ್ಕು ವರ್ಷದ ಹಿಂದೆ ಸಂಬಂಧಿಕರ ಜೊತೆ ಕರಾವಳಿಯ ಒಂದು ರೆಸಾರ್ಟಿಗೆ ಹೋಗಿದ್ದೆವು. ಮೂರು ಹೊತ್ತೂ ಬಫೆ. ನನಗೆ ದಿನಾ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ. ಅವರು ಎರಡನೇ ರಾತ್ರಿ ಬಂಗುಡೆ ತಿಂದು ಅರ್ಧ ಗಂಟೆಯಲ್ಲಿ ಮುಖವೆಲ್ಲ ಕೆಂಪಾಗಿ, ಮೈ ತುರಿಸಿ, ತಲೆನೋವು ಬಂದು ಮಲಗಿಬಿಟ್ಟರು. ಮೀನಿನ ಅಲರ್ಜಿ ಅಂತ ಹೆದರಿ ಅಂದಿನಿಂದ ನಾನು ಮೀನು ತಿನ್ನಲು ಬಿಟ್ಟಿಲ್ಲ. ಎಲ್ಲಿಗೆ, ಯಾವ ತಿಂಗಳು ಹೋಗಬೇಕು? ಊಟದ ಪ್ಯಾಕೇಜ್ ತೆಗೆದುಕೊಳ್ಳಬೇಕಾ? ಇಬ್ಬರೂ ನೆಮ್ಮದಿಯಾಗಿ ಉಣ್ಣುವ ದಾರಿ ಇದೆಯಾ?

ಉತ್ತರ: ಮೊದಲು ಆ ರಾತ್ರಿಯ ವಿಷಯ ಮಾತಾಡೋಣ, ಅಕ್ಕ. ಅದು ತೀರ್ಮಾನ ಆಗದಿದ್ದರೆ ನಿಮ್ಮ ಯಜಮಾನರು ಯಾವ ಊರಿಗೆ ಹೋದರೂ ತಟ್ಟೆಯ ಮುಂದೆ ಅಳುಕಿಕೊಂಡೇ ಕೂರುತ್ತಾರೆ. ಪಕ್ಕದಲ್ಲಿ ಕೂತ ನಿಮಗೂ ಊಟ ಸೇರುವುದಿಲ್ಲ.

ನಾನು ವೈದ್ಯನಲ್ಲ. ಕುಮಟಾ ಕಡೆಯವನು, ಇಪ್ಪತ್ತೆರಡು ವರ್ಷ ಕರಾವಳಿಯ ರೆಸಾರ್ಟುಗಳ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ನೀವು ಬರೆದ ಲಕ್ಷಣಗಳನ್ನು ನಾವು ಅಡುಗೆಯವರು ಚೆನ್ನಾಗಿ ಬಲ್ಲೆವು. ಬಂಗುಡೆ, ತಾರ್ಲೆಯಂಥ ಕಪ್ಪು ಮಾಂಸದ ಮೀನನ್ನು ಹಿಡಿದ ಕೂಡಲೇ ಐಸಿನಲ್ಲಿ ಇಡದೆ ಬಿಸಿಲಿಗೆ ಬಿಟ್ಟರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಆಮೇಲೆ ಎಷ್ಟು ಬೇಯಿಸಿದರೂ, ಎಷ್ಟು ಹುರಿದರೂ ಅದು ಹೋಗುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಕೆಲವೊಮ್ಮೆ ವಾಂತಿ ಭೇದಿ. ನೋಡುವವರಿಗೆ ಥೇಟ್ ಅಲರ್ಜಿಯ ಹಾಗೇ ಕಾಣುತ್ತದೆ. ಆದರೆ ತಪ್ಪು ತಿಂದವರ ಮೈಯದ್ದಲ್ಲ, ಮೀನನ್ನು ಇಟ್ಟುಕೊಂಡ ರೀತಿಯದ್ದು.

ನಿಮ್ಮವರಿಗೆ ಆಗಿದ್ದು ಇದೇ ಅಂತ ನಾನು ಇಲ್ಲಿ ಕೂತು ಹೇಳುವುದು ಸರಿಯಲ್ಲ. ನಿಜವಾದ ಮೀನಿನ ಅಲರ್ಜಿಯೂ ಇರಬಹುದು, ಅದಾದರೆ ಹುಡುಗಾಟದ ಮಾತಲ್ಲ. ಹೊರಡುವ ಮೊದಲು ವೈದ್ಯರ ಹತ್ತಿರ ಹೋಗಿ. "ಮೀನು ತಿಂದು ಆಗಲಿಲ್ಲ" ಅಂತಷ್ಟೇ ಹೇಳಬೇಡಿ. ಯಾವ ಮೀನು, ತಿಂದು ಎಷ್ಟು ಹೊತ್ತಿಗೆ ಶುರುವಾಯಿತು, ಅದಕ್ಕೆ ಮೊದಲು ಎಷ್ಟೋ ವರ್ಷ ಅದೇ ಮೀನು ತಿಂದು ಏನೂ ಆಗಿರಲಿಲ್ಲವೇ, ಜೊತೆಗೆ ತಿಂದ ಬೇರೆಯವರಿಗೂ ಹಾಗೆ ಆಯಿತೇ, ಎಲ್ಲ ಹೇಳಿ. ಕೊನೆಯ ಪ್ರಶ್ನೆ ಮುಖ್ಯ. ಅವತ್ತು ಅದೇ ತಟ್ಟೆಯ ಬಂಗುಡೆ ತಿಂದ ನೆಂಟರಿಗೆ ಈಗಲೇ ಒಂದು ಫೋನ್ ಮಾಡಿ ಕೇಳಿ. ವೈದ್ಯರು ತಿನ್ನಬಹುದು ಅಂದರೆ ಮಾತ್ರ ಮುಂದಿನ ಮೀನಿನ ಮಾತು.

ಇನ್ನು ಊರು. ಗೋಕರ್ಣದ ಓಂ ಬೀಚ್, ಕುಡ್ಲೆ ಎರಡೂ ಚೆಂದ. ಆದರೆ ಅಲ್ಲಿ ಮೆಟ್ಟಿಲು ಇಳಿದು ಹತ್ತುವ ಕೆಲಸ ಇದೆ, ವಾರದ ಕೊನೆಯಲ್ಲಿ ಬೆಂಗಳೂರು, ಹುಬ್ಬಳ್ಳಿಯ ಹುಡುಗರ ಗದ್ದಲ ಜಾಸ್ತಿ. ಮುರುಡೇಶ್ವರದಲ್ಲಿ ದೇವಸ್ಥಾನ, 123 ಅಡಿಯ ಶಿವ, ಬಸ್ಸುಗಟ್ಟಲೆ ಜನ. ನೀವು ಕೇಳಿದ್ದು ಸುಮ್ನೆ ಇದ್ದು ಬರುವುದಕ್ಕೆ. ಹಾಗಾಗಿ ನಾನು ಹೇಳುವುದು ಹೊನ್ನಾವರ, ಅದರಲ್ಲೂ ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡು.

ಇದು ನನ್ನ ಕಡೆಯ ಊರು ಅಂತ ಹೇಳುತ್ತಿಲ್ಲ. ನಿಮ್ಮಿಬ್ಬರ ನಾಲಿಗೆಗೂ ಒಂದೇ ಕಡೆ ನ್ಯಾಯ ಸಿಗುವ ಜಾಗ ಇದು. ಒಂದು ಮಗ್ಗುಲಲ್ಲಿ ಕಾಸರಕೋಡು ಟೊಂಕದ ಮೀನುಗಾರರು, ದೋಣಿಗಳು. ಇನ್ನೊಂದು ಮಗ್ಗುಲಲ್ಲಿ ಅಡಿಕೆ ತೋಟಗಳ ನಡುವೆ ಹವ್ಯಕರ ಮನೆಗಳು, ಅಲ್ಲಿನ ತಂಬುಳಿ, ಅಪ್ಪೆಹುಳಿ. ಅರ್ಧ ಗಂಟೆಯ ದಾರಿಯಲ್ಲಿ ಎರಡೂ ಅಡುಗೆ. ಕಾಸರಕೋಡಿನ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಅದೇ ವರ್ಷ ಉಡುಪಿ ಜಿಲ್ಲೆಯ ಪಡುಬಿದ್ರೆಗೂ ಸಿಕ್ಕಿತು. ನೀರಿನ ಶುದ್ಧಿ, ಶೌಚಾಲಯ, ಜೀವರಕ್ಷಕರ ವ್ಯವಸ್ಥೆ ಎಲ್ಲ ನೋಡಿ ಕೊಡುವ ಮನ್ನಣೆ ಅದು. ನಿಮ್ಮ ವಯಸ್ಸಿನವರಿಗೆ ಬಟ್ಟೆ ಬದಲಿಸಲು ಒಂದು ಚೊಕ್ಕ ಕೋಣೆ ಇರುವುದು ದೊಡ್ಡ ಅನುಕೂಲ.

ದಾವಣಗೆರೆಯಿಂದ ಶಿವಮೊಗ್ಗ, ಸಾಗರದ ಮೇಲೆ ಬಂದು ಗೇರುಸೊಪ್ಪೆ ಘಟ್ಟ ಇಳಿದರೆ ನೇರ ಹೊನ್ನಾವರ. ನಿಲ್ಲಿಸಿಕೊಂಡು ಬಂದರೆ ಐದಾರು ಗಂಟೆ. ಘಟ್ಟದಲ್ಲಿ ತಿರುವು ಜಾಸ್ತಿ, ಹೊಟ್ಟೆ ತುಂಬ ತಿಂದು ಇಳಿಯಬೇಡಿ. ದಾರಿಯಲ್ಲಿ ಜೋಗದ ಬೋರ್ಡು ಕಂಡ ಕೂಡಲೇ ಕಾರು ತಿರುಗಿಸಬೇಕು ಅನ್ನಿಸುತ್ತದೆ. ಈ ಸಲ ಬೇಡ. ಜೋಗ ಮಳೆಗಾಲದಲ್ಲಿ ನೋಡುವಂಥದ್ದು, ಇನ್ನೊಮ್ಮೆ ಬನ್ನಿ. ಮೂರು ರಾತ್ರಿಯಲ್ಲಿ ಜೋಗ, ಮುರುಡೇಶ್ವರ, ಇಡಗುಂಜಿ, ಗೋಕರ್ಣ ಎಲ್ಲ ಸುತ್ತಿ, ಮಲಗುವುದಕ್ಕೆ ಮಾತ್ರ ರೆಸಾರ್ಟಿಗೆ ಬಂದು ಹೋಗುವ ಎಷ್ಟೋ ದಂಪತಿಗಳನ್ನು ನಾನು ನೋಡಿದ್ದೇನೆ. ಹೊರಡುವ ದಿನ ಅವರ ಮುಖದಲ್ಲಿ ಬರೀ ಸುಸ್ತು.

ಯಾವಾಗ ಬರಬೇಕು? ಇಲ್ಲಿ ನೀವು ಮೀನಿನ ಲೆಕ್ಕ, ಕಡಲಿನ ಲೆಕ್ಕ ಎರಡೂ ಹಾಕಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನು ಮರಿ ಹಾಕುವ ಕಾಲ ಅದು. ಆ ಎರಡು ತಿಂಗಳಲ್ಲಿ ರೆಸಾರ್ಟಿನ ಮೆನುವಿನಲ್ಲಿ ಎಲ್ಲ ಮೀನೂ ಸಿಗುತ್ತದೆ ಅಂತ ಬರೆದಿದ್ದರೆ ಅದರಲ್ಲಿ ಹೆಚ್ಚಿನದು ಫ್ರೀಜರಿನದ್ದು. ಆಗಸ್ಟಿನಲ್ಲಿ ದೋಣಿ ಇಳಿಯುತ್ತವೆ, ಆದರೆ ಕಡಲು ಇನ್ನೂ ಒರಟು, ನೀವು ನೀರಿಗಿಳಿಯುವಂತಿಲ್ಲ. ಏಪ್ರಿಲ್, ಮೇನಲ್ಲಿ ಬೆವರು ಕಿತ್ತು ಬರುತ್ತದೆ. ಅಂಕೋಲೆಯ ಕರಿ ಇಶಾಡು ಮಾವಿನ ಹಣ್ಣು ಮಾತ್ರ ಆ ಸೆಕೆಯನ್ನು ಮರೆಸುವಷ್ಟು ರುಚಿ.

ನಿಮಗೆ ನನ್ನ ಸಲಹೆ ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ, ಅದು ತಪ್ಪಿದರೆ ಜನವರಿ ಕೊನೆ. ಕ್ರಿಸ್‌ಮಸ್ ವಾರದಲ್ಲಿ ಬಾಡಿಗೆ ಏರುತ್ತದೆ, ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳೂ ಬರುತ್ತವೆ. ಶಿವರಾತ್ರಿಗೆ ಗೋಕರ್ಣ, ಮುರುಡೇಶ್ವರದ ದಾರಿಯೇ ತುಂಬಿರುತ್ತದೆ. ಭಾನುವಾರ ಮಧ್ಯಾಹ್ನ ಬಂದು ಬುಧವಾರ ಹೊರಡಿ. ವಾರದ ಕೊನೆಗೆ ಬಂದವರೆಲ್ಲ ಭಾನುವಾರ ಖಾಲಿ ಮಾಡುತ್ತಾರೆ. ಅಡುಗೆಯವರಿಗೂ ಆಗ ಉಸಿರಾಡಲು ಪುರುಸೊತ್ತು. ಕೇಳಿದ್ದನ್ನು ಮನಸ್ಸಿಟ್ಟು ಮಾಡಿಕೊಡುತ್ತಾರೆ.

ಈಗ ರೆಸಾರ್ಟ್ ಆರಿಸುವ ಮಾತು. ಜನ ಈಜುಕೊಳದ ಫೋಟೋ ನೋಡಿ ಆರಿಸುತ್ತಾರೆ. ಅಡುಗೆಮನೆ ನೋಡಿ ಆರಿಸಿ ಅನ್ನುತ್ತೇನೆ ನಾನು. ಬುಕ್ ಮಾಡುವ ಮೊದಲು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನ್ ಮಾಡಿ, ರಿಸೆಪ್ಷನ್ನಿನವರಿಗೆ ಅಡುಗೆಮನೆಗೆ ಕೊಡಿ ಅನ್ನಿ. "ಇವತ್ತು ಯಾವ ಮೀನು ಬಂದಿದೆ?" ಅಂತ ಕೇಳಿ. "ಎಲ್ಲಾ ಇದೆ ಮೇಡಂ, ಪಾಂಪ್ಲೆಟ್, ಕಿಂಗ್ ಫಿಶ್, ಲಾಬ್‌ಸ್ಟರ್" ಅಂದರೆ ಫ್ರೀಜರ್ ತುಂಬಿದೆ ಅಂತ ಅರ್ಥ. "ಇವತ್ತು ಬಂಗಡೆ, ನೊಗಲೆ ಅಷ್ಟೇ ಬಂದದ್ದು, ಶೆಟ್ಲಿ ಸಂಜೆ ನೋಡಬೇಕು" ಅಂದರೆ ಆ ಅಡುಗೆಮನೆಯನ್ನು ನಂಬಬಹುದು. ಹೆಸರುಗಳಲ್ಲಿ ಗೊಂದಲ ಬೇಡ. ನಮ್ಮ ಕಡೆಯ ತಾರ್ಲೆ ಕುಂದಾಪುರದಲ್ಲಿ ಬೈಗೆ, ಮಂಗಳೂರಿನಲ್ಲಿ ಬೂತಾಯಿ. ನಮ್ಮ ಇಸೋಣ ಅಲ್ಲಿ ಅಂಜಲ್. ನೊಗಲೆ ಅಂದರೆ ಕಾಣೆ. ಶೆಟ್ಲಿ ಅಂದರೆ ಸಿಗಡಿ.

ಆಮೇಲೆ ನಿಮ್ಮ ಪ್ರಶ್ನೆ ಕೇಳಿ. "ಸಸ್ಯಾಹಾರಕ್ಕೆ ಬೇರೆ ಕಾವಲಿ, ಬೇರೆ ಎಣ್ಣೆ ಇದೆಯಾ?" ಸಂಕೋಚ ಬೇಡ. ಎಷ್ಟೋ ಕಡೆ ಗೋಬಿ ಮಂಚೂರಿ, ಶೆಟ್ಲಿ ಎರಡೂ ಒಂದೇ ಬಾಣಲೆಯ ಎಣ್ಣೆಯಲ್ಲಿ ಕರಿಯುತ್ತಾರೆ. ಬೇಕಂತ ಮೋಸ ಮಾಡುವುದಲ್ಲ, ಗಡಿಬಿಡಿಯಲ್ಲಿ ನಡೆದುಹೋಗುತ್ತದೆ. ಹೋದ ಸಲ ನಿಮಗೆ ಗೋಬಿ ಸೇರದೆ ಹೋಗಿದ್ದಕ್ಕೆ ಇದೂ ಕಾರಣ ಇರಬಹುದು. ಕೊನೆಗೆ "ನಾಳೆ ಒಂದೆಲಗದ ತಂಬುಳಿ, ಕುಚ್ಚಲಕ್ಕಿ ಗಂಜಿ ಮಾಡಿಕೊಡುತ್ತೀರಾ?" ಅಂತ ಕೇಳಿ. ಒಳಗೆ ಈ ಕಡೆಯ ಅಡುಗೆಯವರಿದ್ದರೆ ಅವರ ದನಿಯಲ್ಲೇ ಖುಷಿ ಗೊತ್ತಾಗುತ್ತದೆ. ಇಲ್ಲಿಯ ಎಷ್ಟೋ ರೆಸಾರ್ಟುಗಳಲ್ಲಿ ಅಡುಗೆ ಮಾಡುವವರು ದೂರದ ರಾಜ್ಯಗಳಿಂದ ಬಂದ ಹುಡುಗರು. ಶ್ರಮಜೀವಿಗಳು, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಪನೀರ್ ಬಿಟ್ಟು ಈ ನೆಲದ ಸೊಪ್ಪು ತಿನ್ನಬೇಕು ಅನ್ನುವವರಿಗೆ ಅಲ್ಲೊಬ್ಬ ಊರಿನ ಕೈ ಬೇಕು.

ಊಟದ ಪ್ಯಾಕೇಜಿನ ವಿಷಯ. ರೆಸಾರ್ಟಿನವರು ಸಿಪಿ, ಎಂಎಪಿ, ಎಪಿ ಅಂತ ಹೇಳುತ್ತಾರೆ. ಸಿಪಿ ಅಂದರೆ ಕೋಣೆಯ ಜೊತೆ ಬೆಳಗಿನ ತಿಂಡಿ ಮಾತ್ರ. ಎಂಎಪಿ ಅಂದರೆ ತಿಂಡಿ ಮತ್ತು ಒಂದು ಊಟ. ಎಪಿ ಅಂದರೆ ಮೂರು ಹೊತ್ತೂ ಅವರದ್ದೇ. ನೀವು ಸಿಪಿ ತೆಗೆದುಕೊಳ್ಳಿ. ಮೂರು ಹೊತ್ತಿನ ದುಡ್ಡು ಮೊದಲೇ ಕಟ್ಟಿದರೆ "ಕೊಟ್ಟಾಗಿದೆ" ಅಂತ ಹಸಿವಿಲ್ಲದಿದ್ದರೂ ಬಫೆಯ ಮುಂದೆ ನಿಲ್ಲುತ್ತೇವೆ. ಹೊರಗೆ ಹೋಗುವ ಮನಸ್ಸೂ ಆಗುವುದಿಲ್ಲ. ಜೊತೆಗೆ ವಾರದ ಮಧ್ಯೆ ಜನ ಕಡಿಮೆ ಇದ್ದಾಗ ಬಫೆ ಒಳ್ಳೆಯದಲ್ಲ. ನೂರು ಜನ ಇದ್ದಾಗ ಪಾತ್ರೆ ಬೇಗ ಖಾಲಿಯಾಗಿ ಹೊಸದು ಬರುತ್ತದೆ. ಹತ್ತೇ ಜನ ಇದ್ದರೆ ಅದೇ ಪಾತ್ರೆ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತಿರುತ್ತದೆ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ತಣ್ಣಗಿನದ್ದು 5 ಡಿಗ್ರಿ ಮೀರಬಾರದು. ನಾವು ಹುಡುಗರಿಗೆ ಕಲಿಸುವ ಮೊದಲ ಪಾಠವೇ ಇದು. ಮುಚ್ಚಳ ತೆಗೆದಾಗ ಹಬೆ ಏಳದಿದ್ದರೆ ಅದನ್ನು ಬಡಿಸಿಕೊಳ್ಳಬೇಡಿ. ರೆಸಾರ್ಟ್ ತೀರಾ ಒಂಟಿ ಜಾಗದಲ್ಲಿದ್ದು, ರಾತ್ರಿ ಹೊರಗೆ ಏನೂ ಸಿಗುವುದಿಲ್ಲ ಅಂದರೆ ಮಾತ್ರ ಎಂಎಪಿ ಸರಿ.

ಇಷ್ಟು ಗಟ್ಟಿ ಮಾಡಿಕೊಂಡ ಮೇಲೆ ನಿಮ್ಮ ದಿನಚರಿಗೆ ಒಂದೇ ಸೂತ್ರ: ಮಧ್ಯಾಹ್ನ ಮೀನು, ರಾತ್ರಿ ಗಂಜಿ.

ಯಜಮಾನರು ಮೀನನ್ನು ಮಧ್ಯಾಹ್ನ ತಿನ್ನಲಿ, ಅದೂ ಊರವರು ಉಣ್ಣುವ ಹೋಟೆಲಿನಲ್ಲಿ. ಬೆಳಿಗ್ಗೆ ದೋಣಿಯಿಂದ ಇಳಿದ ಮೀನು ಮಧ್ಯಾಹ್ನಕ್ಕೆ ತಟ್ಟೆಗೆ ಬಂದಿರುತ್ತದೆ. ರಾತ್ರಿಗೆ ಅದೇ ಮೀನು ಕೆಂಪು ಮಸಾಲೆ ಮೆತ್ತಿಕೊಂಡು ಕೂತಿರುವುದೇ ಹೆಚ್ಚು. ಒಂದು ಗಂಟೆಯ ಒಳಗೆ ಹೋಗಿ, ಆಮೇಲೆ ಒಳ್ಳೆಯದು ಮುಗಿದಿರುತ್ತದೆ. ಸರಕಾರಿ ಕಚೇರಿಯವರು, ಬ್ಯಾಂಕಿನವರು ಊಟಕ್ಕೆ ಸಾಲು ನಿಂತ ಹೋಟೆಲು ಯಾವುದು ಅಂತ ಆಟೋದವರನ್ನು ಕೇಳಿ. ಅನ್ನ, ಮೀನಿನ ಸಾರು, ಒಂದು ಪಲ್ಯ, ಮುರುಗಲು ಅಂದರೆ ಕೋಕಂ ಹುಳಿಯ ಕಡಿ ಬರುತ್ತದೆ. ಹುರಿದ ಮೀನು ಬೇರೆ ಹೇಳಬೇಕು. ಹೇಳುವ ಮೊದಲು ಹಸಿ ಮೀನು ತೋರಿಸಿ ಅನ್ನಲಿ. ಇಲ್ಲಿ ಅದು ತೀರಾ ಸಾಮಾನ್ಯ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಬೀಳಬಾರದು. ತಾಜಾ ಮೀನು ನಾರುವುದಿಲ್ಲ, ಸಮುದ್ರದ ಗಾಳಿಯ ವಾಸನೆ ಇರುತ್ತದೆ ಅಷ್ಟೇ. ಇಸೋಣ, ಪಾಂಪ್ಲೆಟ್‌ನಂಥವಕ್ಕೆ ಮೆನುವಿನಲ್ಲಿ ದರ ಇರುವುದಿಲ್ಲ, ಸೈಜಿನ ಮೇಲೆ ಅನ್ನುತ್ತಾರೆ. ಈ ತುಂಡಿಗೆ ಎಷ್ಟು ಅಂತ ಮೊದಲೇ ಕೇಳಿಬಿಡಲಿ.

ನಾಲ್ಕು ವರ್ಷದ ನಂತರ ತಿನ್ನುವ ಮೊದಲ ಮೀನು ಬಂಗಡೆ ಬೇಡ. ನೊಗಲೆಯಿಂದ ಶುರು ಮಾಡಲಿ. ಬಿಳಿ ಮಾಂಸ, ಮೃದು, ಹೊಟ್ಟೆಗೆ ಹಗುರ. ಖಾರದ ತವಾ ಮಸಾಲೆಯಲ್ಲಿ ಬೇಡ, ರವೆ ಹಚ್ಚಿ ಹುರಿದದ್ದು ಹೇಳಲಿ. ದಪ್ಪ ಮಸಾಲೆಯ ಕೆಳಗೆ ಹಳೆಯ ಮೀನೂ ಅಡಗುತ್ತದೆ, ತೆಳು ರವೆಯ ಕೆಳಗೆ ಅಡಗುವುದಿಲ್ಲ. ಮೊದಲ ದಿನ ಸ್ವಲ್ಪ ತಿಂದು ನೋಡಲಿ. ನಾಲಿಗೆಗೆ ಮೆಣಸು ತಾಕಿದ ಹಾಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಲಿ. ಕೆಟ್ಟ ಮೀನಿನ ಗುರುತು ಅದು. ಎಲ್ಲ ಸರಿಹೋದರೆ ಮೂರನೇ ದಿನ ಜುಮ್ಮನಕಾಯಿ ಹಾಕಿದ ಬಂಗಡೆ ಸಾರು ಕೇಳಲಿ. ಕಾಳುಮೆಣಸಿನಷ್ಟು ಗಾತ್ರದ ಕಾಡಿನ ಕಾಯಿ ಅದು. ಬಾಯಲ್ಲಿ ಜುಮ್ಮೆನ್ನಿಸಿ ಮೀನಿನ ಜಿಡ್ಡು ವಾಸನೆಯನ್ನು ತೆಗೆದುಹಾಕುತ್ತದೆ. ಘಟ್ಟದ ಮೇಲಿನವರಿಗೆ ಅದರ ರುಚಿ ಗೊತ್ತಿಲ್ಲ. ಒಮ್ಮೆ ಉಂಡವರು ಅದಕ್ಕಾಗಿಯೇ ಮತ್ತೆ ಬರುತ್ತಾರೆ. ಗೋಕರ್ಣದ ಬದಿಗೆ ಹೋದರೆ ಅಘನಾಶಿನಿ ಅಳಿವೆಯ ಬೆಳಚು, ಅಂದರೆ ಚಿಪ್ಪಿನೊಳಗಿನ ಮಾಂಸ ಸಿಗುತ್ತದೆ. 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಅಳಿವೆ ಅದು. ಆದರೆ ಚಿಪ್ಪಿನ ಪದಾರ್ಥ ಈ ಪ್ರವಾಸದಲ್ಲಿ ಅವರಿಗೆ ಬೇಡ, ವೈದ್ಯರು ಅದಕ್ಕೂ ಒಪ್ಪಿಗೆ ಕೊಟ್ಟಿದ್ದರೆ ಬೇರೆ ಮಾತು.

ಆ ಹೊತ್ತಿನಲ್ಲಿ ನೀವೇನು ಮಾಡಬೇಕು? ಮೀನಿನ ಹೋಟೆಲಿನಲ್ಲಿ ಮೂಗು ಮುಚ್ಚಿಕೊಂಡು ಎದುರಿಗೆ ಕೂರಬೇಡಿ. ಇಪ್ಪತ್ತಾರು ವರ್ಷ ಜೊತೆಗಿದ್ದೀರಿ, ಒಂದು ಗಂಟೆ ಬೇರೆ ಬೇರೆ ಉಂಡರೆ ಏನೂ ಆಗುವುದಿಲ್ಲ. ಅವರನ್ನು ಅಲ್ಲಿ ಬಿಟ್ಟು ನೀವು ಊರಿನ ಶುದ್ಧ ಸಸ್ಯಾಹಾರಿ ಊಟದ ಮನೆಗೆ ಹೋಗಿ. ಹೊನ್ನಾವರ, ಕುಮಟಾ ಎರಡೂ ಪೇಟೆಗಳಲ್ಲಿ ಅಂಥವು ಇವೆ.

ನಿಮ್ಮ ಊಟದ ಬಗ್ಗೆ ನನಗೆ ಇನ್ನೂ ಹೆಚ್ಚು ಹೇಳಲಿಕ್ಕಿದೆ. ಕರಾವಳಿ ಅಂದರೆ ಮೀನು, ಸಸ್ಯಾಹಾರಿಗಳಿಗೆ ಏನೂ ಇಲ್ಲ ಅಂತ ಬಯಲುಸೀಮೆಯಲ್ಲಿ ತುಂಬ ಜನ ನಂಬಿದ್ದಾರೆ. ಆ ಮಾತು ಕೇಳಿದಾಗೆಲ್ಲ ನನಗೆ ನಮ್ಮ ಅಮ್ಮ ನೆನಪಾಗುತ್ತಾರೆ. ಬೇಲಿಯ ಮೇಲಿನ ದೊಡ್ಡಪತ್ರೆ ಎಲೆ ನಾಲ್ಕು ಕಿತ್ತು ತಂದು, ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸುತ್ತಿದ್ದರು. ಅದು ತಂಬುಳಿ. ಬೆರೆಸಿದ ಮೇಲೆ ಕುದಿಸುವಂತಿಲ್ಲ. ಒಂದೆಲಗದ್ದು ಇನ್ನೂ ತಂಪು. ಸೆಕೆಯ ಊರಿನಲ್ಲಿ ಬಿಸಿಲು ಕುಡಿದು ಬಂದ ಹೊಟ್ಟೆಗೆ ಇದಕ್ಕಿಂತ ಒಳ್ಳೆಯ ಊಟ ನಾನು ಕಂಡಿಲ್ಲ. ಅಪ್ಪೆಹುಳಿ ಇನ್ನೊಂದು. ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ನೀರಾಗಿ ಮಾಡಿ, ಇಂಗು ಸಾಸಿವೆ ಒಗ್ಗರಣೆ ಕೊಟ್ಟದ್ದು. ಊಟದ ಕೊನೆಗೆ ಲೋಟದಲ್ಲಿ ಕುಡಿಯುತ್ತಾರೆ. ಅಪ್ಪೆಹುಳಿ ಕುಡಿದರೆ ಒಳ್ಳೆ ನಿದ್ದೆ ಅನ್ನುವುದು ನಮ್ಮ ಕಡೆಯ ಮಾತು. ನೀವು ಬರುವುದೇ ಅದಕ್ಕಲ್ವಾ? ಕಾಯಿ ಇಲ್ಲದ ಕಾಲದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯಿಂದ ಮಾಡುತ್ತಾರೆ, ಕೇಳಿ ನೋಡಿ.

ಬೆಳಗಿನ ತಿಂಡಿ ಮಾತ್ರ ಇಬ್ಬರೂ ಒಟ್ಟಿಗೆ ನಿಧಾನವಾಗಿ ಮಾಡಿ. ಬ್ರೆಡ್ಡು, ಕಾರ್ನ್‌ಫ್ಲೇಕ್ಸ್ ಕಡೆ ನೋಡಬೇಡಿ. ಬಾಳೆಹಣ್ಣಿನ ಬನ್ಸ್, ತೆಳ್ಳೇವು ಕೇಳಿ. ತೆಳ್ಳೇವು ಅಂದರೆ ಕರವಸ್ತ್ರದಷ್ಟು ತೆಳ್ಳಗಿನ ಅಕ್ಕಿ ದೋಸೆ, ಹಿಟ್ಟು ಹುಳಿ ಬರಿಸುವುದಿಲ್ಲ. ಜೊತೆಗೆ ಕಾಯಿ ಬೆಲ್ಲ. ದಾವಣಗೆರೆ ಬೆಣ್ಣೆ ದೋಸೆಯ ಊರಿನವರಿಗೆ ಇದು ಸಪ್ಪೆ ಅನ್ನಿಸಬಹುದು. ಎರಡನೇ ದಿನ ಅನ್ನಿಸುವುದಿಲ್ಲ.

ರಾತ್ರಿ ಗಂಜಿ. ರೆಸಾರ್ಟಿನ ಅಡುಗೆಯವರಿಗೆ ಬೆಳಿಗ್ಗೆಯೇ ಹೇಳಿಡಿ, ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು. ಗಂಜಿ, ಮೇಲೊಂದು ಚಮಚ ತುಪ್ಪ, ಚಟ್ನಿ, ಸುಟ್ಟ ಹಪ್ಪಳ. ಯಜಮಾನರಿಗೆ ಬಿ.ಪಿ. ಇದ್ದರೆ ಉಪ್ಪಿನಕಾಯಿ, ಒಣಮೀನು ಕಡಿಮೆ ಮಾಡಲಿ, ಎರಡರಲ್ಲೂ ಉಪ್ಪು ಜಾಸ್ತಿ. ಇಬ್ಬರೂ ಒಂದೇ ತರಹದ ತಟ್ಟೆ ಇಟ್ಟುಕೊಂಡು, ಮೀನಿನ ವಾಸನೆ ಇಲ್ಲದೆ, ಅಲೆಯ ಸದ್ದು ಕೇಳುತ್ತಾ ಉಣ್ಣುವ ಊಟ ಇದು. ಬಂದ ದಿನ ಪ್ರಯಾಣದ ಸುಸ್ತಿಗೆ ಇದಕ್ಕಿಂತ ಬೇರೆ ಏನೂ ಬೇಡ.

ಕಡಲಿಗೆ ಇಳಿಯುವುದಾದರೆ ಜೀವರಕ್ಷಕರು ಇರುವ ಕಡೆ, ಸೊಂಟದ ನೀರಿನವರೆಗೆ ಮಾತ್ರ. ಕೆಂಪು ಬಾವುಟ ಕಂಡರೆ ಬೇಡವೇ ಬೇಡ. ಸೆಳೆತ ಎಳೆದುಕೊಂಡು ಹೋದರೆ ದಡಕ್ಕೆ ಎದುರಾಗಿ ಒದ್ದಾಡಬಾರದು. ದಡದ ಉದ್ದಕ್ಕೆ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬರಬೇಕು, ಕೈ ಎತ್ತಿ ಕೂಗಬೇಕು. ಇದನ್ನು ಯಜಮಾನರಿಗೂ ಓದಿ ಹೇಳಿ.

ಸುತ್ತಾಟ ಅಂತ ಒಂದೇ ಒಂದು ಇಟ್ಟುಕೊಳ್ಳಿ. ಶರಾವತಿ ಹಿನ್ನೀರಿನಲ್ಲಿ ಬೆಳಗಿನ ದೋಣಿ, ಅಲ್ಲೇ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಮರದ ಕಾಲುದಾರಿ. ಒಂದೂವರೆ ಗಂಟೆ ಸಾಕು. ಉಳಿದ ಹೊತ್ತು ಮಧ್ಯಾಹ್ನದ ನಿದ್ದೆಗೆ, ಸಂಜೆಯ ಮರಳಿಗೆ. ನವೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಐದಕ್ಕೇ ಹೋಗಿ ಕೂತುಬಿಡಿ. ಮುಳುಗಿದ ಕೂಡಲೇ ಎದ್ದು ಬರಬೇಡಿ, ಬಣ್ಣ ಇರುವುದು ಆಮೇಲಿನ ಇಪ್ಪತ್ತು ನಿಮಿಷದಲ್ಲಿ.

ಹೊರಡುವ ದಿನ ಪೇಟೆಯಲ್ಲಿ ಒಣ ಮುರುಗಲು ಸಿಪ್ಪೆ ಅರ್ಧ ಕಿಲೋ ತೆಗೆದುಕೊಳ್ಳಿ. ಕಪ್ಪಗೆ, ಸ್ವಲ್ಪ ಮೆತ್ತಗೆ ಇರಬೇಕು, ಕಟಕಟ ಒಣಗಿದ್ದು ಹಳೆಯದು. ಬೆಲ್ಲ ಹಾಕಿದರೆ ಪಾನಕ, ಒಗ್ಗರಣೆ ಹಾಕಿದರೆ ಸಾರು. ತೊಡೆದೇವು ಅನ್ನುವ ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ಸಿಕ್ಕರೆ ಅದನ್ನೂ ಕೊಳ್ಳಿ, ಕೈ ತಾಕಿದರೆ ಮುರಿಯುತ್ತದೆ, ಮಡಿಲಲ್ಲಿಟ್ಟುಕೊಂಡು ಬನ್ನಿ. ಯಜಮಾನರು ಒಣಶೆಟ್ಲಿ ಕೊಳ್ಳುತ್ತೇನೆ ಅಂದರೆ ಬೇಡ ಅನ್ನಬೇಡಿ. ಮನೆಯಿಂದ ಬರುವಾಗಲೇ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಒಂದು ತಂದಿರಿ. ಅದರಲ್ಲಿ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡಿಕ್ಕಿಯಲ್ಲಿಡಿ. ಘಟ್ಟ ಹತ್ತುವವರೆಗೂ ನಿಮಗೆ ವಾಸನೆ ಬರುವುದಿಲ್ಲ.